ಹಾಲು ಕರೆಯೋರು ಯಾರು?

ಪ್ರಿನ್ಸಿಪಾಲರು ಆ ಕಾಗದನ ನನ್ನ ಮುಂದೆ ತಳ್ಳಿ, ‘ಸೈನ್ ಹಾಕಿ ಮೇಡಂ’ ಅಂದ್ರು. ನಾನು ಹಾಕಲಿಲ್ಲ. ಇವತ್ತು ಕೇಳಿದ್ರೂ ಹಾಕೋಲ್ಲ.

ಹಾಸನದ ಒಂದು ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ತಿದ್ದೆ. ಆ ವರ್ಷ ಹೊಸ ಪದ್ಧತಿ ಬಂದಿತ್ತು. ನೋಟ್ಸ್ ಬರೆಸೋ ಹಾಗಿಲ್ಲ. ಎಂಟು ಹುಡುಗಿಯರ ಗುಂಪಿಗೆ ಒಬ್ಬ ರೋಗಿಯ ಕಥೆ ಬರೆದ ಹಾಳೆ ಕೊಟ್ಟರೆ ಅವರೇ ಮಾತಾಡಿ ದಾರಿ ಹುಡುಕಬೇಕು. ಮಾತಿಗೇ ಮಾರ್ಕ್ಸು. ನನ್ನ ಗುಂಪಲ್ಲಿ ಹಳೇಕೋಟೆ ಕಡೆಯ ಹುಡುಗಿಯೊಬ್ಬಳು ಬಾಯೇ ಬಿಡ್ತಿರಲಿಲ್ಲ. ಅವಳ ಹೆಸರಿನ ಮುಂದೆ ಬರೀ ಸೊನ್ನೆ. ಅವಳನ್ನ ಗುಂಪಿಂದ ತೆಗೆದು, ಹಳೇ ಥರವೇ ನೋಟ್ಸ್ ಉರು ಹೊಡೆಯೋ ವೀಕ್ ಬ್ಯಾಚಿಗೆ ಹಾಕೋದಕ್ಕೆ ಆ ಕಾಗದ. ಅಲ್ಲಿಗೆ ಹೋದವರು ವಾಪಸ್ ಬಂದದ್ದನ್ನ ನಾನಂತೂ ಕಂಡಿಲ್ಲ.

‘ಎರಡು ವಾರ ಬಿಡಿ ಸಾರ್, ಆಮೇಲೆ ಮಾತಾಡೋಣ’ ಅಂದು ಎದ್ದು ಬಂದೆ. ನಾನು ಅರಕಲಗೂಡಿನವಳು, ಹಟಕ್ಕೆ ಬಿದ್ದರೆ ನಮ್ಮಪ್ಪನ ಮಾತೂ ಕೇಳಿದವಳಲ್ಲ.

ಕ್ಲಾಸಿಗೆ ಹೋಗಿ ನೋಡಿದರೆ ಆ ಹುಡುಗಿ ಬೋರ್ಡಿನ ಹತ್ತಿರ ಮಾರ್ಕರ್ ಹಿಡಿದು ನಿಂತಿದ್ದಾಳೆ. ಅಕ್ಷರ ಚೆನ್ನಾಗಿದೆ ಅಂತ ಮೊದಲ ದಿನ ಕೊಟ್ಟವಳು ನಾನೇ! ಅವತ್ತಿಂದ ಏಳು ಜನ ಮಾತಾಡೋದು, ಇವಳು ಅವರಿಗೆ ಬೆನ್ನು ಹಾಕಿ ಬರೆಯೋದು. ಬರೆಯೋಳನ್ನ ಯಾರು ಕೇಳ್ತಾರೆ? ಥೂ, ಸೊನ್ನೆ ಬೀಳಬೇಕಾದದ್ದು ನನಗೆ.

ಮಾರ್ಕರ್ ಕಿತ್ಕೊಂಡು ಗುಂಪಿನ ದೊಡ್ಡಬಾಯಿಯವಳ ಕೈಗಿಟ್ಟೆ. ಇವಳನ್ನ ಕುರ್ಚೀಲಿ ಕೂರಿಸಿ, ‘ಉತ್ತರ ಬೇಡ ಕಣಮ್ಮ. ದಿನಕ್ಕೊಂದು ಪ್ರಶ್ನೆ ಕೇಳು. ನಿಮ್ಮನೇಲಿ ಮಾತಾಡೋ ಹಂಗೇ ಕೇಳು’ ಅಂದೆ. ಅವತ್ತು ಅತ್ತಳು. ಮಾರನೇ ದಿನವೂ ಅತ್ತಳು. ಅಳಲಿ ಅಂತ ಬಿಟ್ಟೆ, ಮಾರ್ಕರ್ ಮಾತ್ರ ಕೊಡಲಿಲ್ಲ.

ಎರಡನೇ ವಾರದ ಕಥೆ ಹೀಗಿತ್ತು: ಸಕ್ಕರೆ ಕಾಯಿಲೆಯ ಹೆಂಗಸು, ಕಾಲಲ್ಲಿ ಗಾಯ. ಕಾಲೂರದೆ ಮಲಗಿರು ಅಂತ ಮನೆಗೆ ಕಳಿಸಿದ್ದಾರೆ, ಗಾಯ ಕೆಟ್ಟು ವಾಪಸ್ ಬಂದಿದ್ದಾಳೆ. ಯಾಕೆ? ಅವತ್ತು ಪ್ರಿನ್ಸಿಪಾಲರೂ ಬಂದು ಹಿಂದೆ ಕೂತಿದ್ರು. ಮಾತ್ರೆ, ಇಂಜೆಕ್ಷನ್ನು, ಡ್ರೆಸ್ಸಿಂಗು ಅಂತ ಎಲ್ಲಾ ಅರಚ್ತಿದ್ದಾಗ ಇವಳು ಮೆಲ್ಲಗೆ ಕೇಳಿದಳು: ‘ಆಯಮ್ಮನ ಮನೇಲಿ ಹಾಲು ಕರೆಯೋರು ಯಾರು?’

ಉಳಿದ ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ಮೇಜು ಕುಟ್ಟಿದೆ. ‘ಹಲ್ಲು ಕಿರಿಯೋದು ಆಮೇಲೆ! ನೀನು ಹೇಳಮ್ಮ.’

‘ಕಸುಬು ಹೈನುಗಾರಿಕೆ ಅಂತ ಬರೆದವ್ರೆ ಮೇಡಂ, ಕೊನೇ ಸಾಲಲ್ಲಿ. ಕೈ ಬದಲಾದ್ರೆ ಹಸ ಹಾಲು ಕೊಡಕ್ಕಿಲ್ಲ, ಒದೀತದೆ. ಎರಡೊತ್ತೂ ಆಯಮ್ಮನೇ ಗಂಜಲದಲ್ಲಿ ಕುಕ್ಕರುಗಾಲಲ್ಲಿ ಕೂರ್ಬೇಕು. ಗಾಯ ಎಂಗೆ ಒಣಗ್ತದೆ?’

ಕೊನೇ ಸಾಲನ್ನ ಬೇರೆ ಯಾರೂ ಓದಿರಲಿಲ್ಲ. ನನಗಂತೂ ಎದ್ದು ಕುಣೀಬೇಕು ಅನ್ನಿಸ್ತು. ಆದರೆ ಪ್ರಿನ್ಸಿಪಾಲರು ಸುಮ್ಮನಿರೋ ಆಸಾಮಿಯೇ? ‘ಇದೆಲ್ಲ ಸಿಲಬಸ್ಸಲ್ಲಿ ಎಲ್ಲಿದೆ?’ ಅಂತ ಗೊಣಗಿ ಅವಳ ಕಡೆಗೇ ತಿರುಗಿದ್ರು. ‘ನಿನಗೆ ಇಲ್ಲಿ ಕಷ್ಟ ಆಗುತ್ತಮ್ಮ. ಆ ಬ್ಯಾಚಲ್ಲಿ ನೋಟ್ಸ್ ಕೊಡ್ತಾರೆ, ಆರಾಮಾಗಿ ಪಾಸಾಗ್ತೀಯ. ಹೋಗ್ತೀಯಾ?’

ನಾನು ಬಾಯಿ ತೆರೆಯೋ ಮೊದಲೇ ಅವಳು ಎದ್ದು ನಿಂತಳು.

‘ಇಲ್ಲ ಸಾ, ಓಗಕ್ಕಿಲ್ಲ. ಆಯಮ್ಮನ ಕಾಲು ಇನ್ನೂ ವಾಸಿಯಾಗಿಲ್ಲ.’