ರೇವಣ್ಣನವರು ಕೇಳಬೇಕಿದ್ದ ಪ್ರಶ್ನೆ

ನೀರಿನ ಲೋಟವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡದೆ ರೇವಣ್ಣನವರು ಗುಟುಕು ಇಳಿಸುತ್ತಿರಲಿಲ್ಲ. ಸ್ಟೀಲ್ ಲೋಟದಲ್ಲಿ ಕೊಟ್ಟರೆ, "ಇದ್ರೊಳ್ಗೆ ಏನೈತೋ ದೇವ್ರಿಗೇ ಗೊತ್ತು ತಾಯಿ" ಎಂದು ಹಾಗೇ ಇಟ್ಟುಬಿಡುವರು. ಬೊಮ್ಮಸಂದ್ರದ ಔಷಧ ಕಾರ್ಖಾನೆಯೊಂದರಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು ಇಪ್ಪತ್ತೆಂಟು ವರ್ಷ ನೋಡಿಕೊಂಡವರು. ನಿವೃತ್ತರಾಗಿ ದೊಡ್ಡನೆಕ್ಕುಂದಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದಿದ್ದರು. ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ. ಒಂದು ದಿನ ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಸಿಕ್ಕಿಕೊಂಡಿತ್ತು. ಮರೆವು ನನ್ನ ಕಣ್ಣಿಗೆ ಬಿದ್ದದ್ದು ಹಾಗೆ.

ಡಾಕ್ಟರು ಅಲ್ಝೈಮರ್ ಎಂದರು. ಅವರ ಹೆಂಡತಿ ಗೌರಮ್ಮ ಅತ್ತರು. ರೇವಣ್ಣನವರು ಮಾತ್ರ ನನಗೇ ವಿವರಿಸಿದರು: "ಮಿದುಳಿಗೂ ಒಂದು ಚರಂಡಿ ಐತಂತೆ ತಾಯಿ. ನಿದ್ದೇಲಿ ಕೊಳೆ ತೊಳ್ಕೊಂಡು ಹೋಯ್ತದಂತೆ. ನಂದು ಕಟ್ಕೊಂಡೈತೆ."

ವೈಟ್‌ಫೀಲ್ಡ್ ಕಡೆಯ ಸರ್ಜನ್ ಒಬ್ಬರು ಹೊಸ ಪ್ರಯೋಗವೊಂದರ ಮಾತೆತ್ತಿದರು. ಕತ್ತಿನಲ್ಲಿ ಕೊಳೆ ಸಾಗಿಸುವ, ಕೂದಲೆಳೆಯಂಥ ನಾಳಗಳನ್ನು ರಕ್ತನಾಳಕ್ಕೆ ಜೋಡಿಸಿದರೆ ಮಿದುಳಿನ ಕೊಳೆ ಬೇಗ ಇಳಿದೀತು ಎಂಬ ಆಸೆ. ಇಂಗ್ಲಿಷ್ ಒಪ್ಪಿಗೆಪತ್ರವನ್ನು ನಾನೇ ಎರಡು ಸಲ ಕನ್ನಡದಲ್ಲಿ ಓದಿ ಹೇಳಿದೆ. ಬೆಳಿಗ್ಗೆ ತಿಳಿಯಾಗಿರುತ್ತಿದ್ದ ರೇವಣ್ಣನವರು ಹೊತ್ತೇರಿದಂತೆ ಕದಡುತ್ತಿದ್ದರು. ಅದಕ್ಕೇ ಸಹಿ ಹಾಕುವ ದಿನ ಆಸ್ಪತ್ರೆಗೆ ಹೊರಡುವ ಮುಂಚೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು: 'ಕೊಳೆ ಹೊರಗೆ ಬಂದದ್ದು ನೋಡಿದವರು ಯಾರು?'

"ನಾನೇ ಕೇಳ್ತೀನಿ. ನೀವು ಬಾಯಿ ಹಾಕ್ಬಾರ್ದು" ಎಂದು ನನ್ನಿಂದ ಮಾತು ತೆಗೆದುಕೊಂಡರು.

ಸರ್ಜನ್ ಕೋಣೆಯ ಹೊರಗೆ ಕೈ ತೊಳೆಯುವ ಜಾಗವಿತ್ತು. ಕಾರ್ಖಾನೆಯಲ್ಲಿ ಕೈ ತೊಳೆಯದೆ ಯಾವ ಕೋಣೆಗೂ ಕಾಲಿಟ್ಟವರಲ್ಲ ಅವರು. ನಾನು ಕೂಗುವಷ್ಟರಲ್ಲಿ ಸೋಪು ಹಚ್ಚಿ ಮೊಣಕೈವರೆಗೂ ಉಜ್ಜಿಬಿಟ್ಟಿದ್ದರು.

ಸರ್ಜನ್ ಕಾಗದ, ಪೆನ್ನು ಮುಂದಿಟ್ಟರು. "ಏನಾದ್ರೂ ಕೇಳೋದಿದ್ಯಾ ಸರ್?"

ರೇವಣ್ಣನವರು ಅಂಗೈ ಬಿಡಿಸಿ ನೋಡಿದರು. ಇನ್ನೊಂದು ಕೈಯನ್ನೂ ನೋಡಿದರು. ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಗೌರಮ್ಮ ನನ್ನ ಮಣಿಕಟ್ಟನ್ನು ಅದುಮಿ ಹಿಡಿದಿದ್ದರು, ಅವರ ಬಳೆ ಚರ್ಮಕ್ಕೆ ಒತ್ತುತ್ತಿತ್ತು.

"ಹಾಕ್ರೀ, ಸೈನ್ ಹಾಕ್ಬಿಡ್ರೀ" ಎಂದರು ಗೌರಮ್ಮ.

ರೇವಣ್ಣನವರು ಪೆನ್ನು ಹಿಡಿದರು. 'ರೇ' ಮೂಡಿತು. ಕೈ ಅಲ್ಲೇ ನಿಂತಿತು.

"ಸಾರ್, ಹೊರಗೆ ಬಂದ ನೀರಿನ ಸ್ಯಾಂಪಲ್ ಎಲ್ಲಿ?"

ಸರ್ಜನ್‌ಗೆ ಅರ್ಥವಾಗಲಿಲ್ಲ.

"ಒಳಕ್ಕೆ ಹೋದದ್ದು ಒಂದು ಬಾಟ್ಲಿ, ಹೊರಕ್ಕೆ ಬಂದದ್ದು ಒಂದು ಬಾಟ್ಲಿ. ಎರಡೂ ನೋಡ್ದೆ ನಾನು ಸೈನ್ ಹಾಕಲ್ಲ."

ಸರ್ಜನ್ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಅದನ್ನ ತೋರ್ಸೋಕೆ ಇನ್ನೂ ಆಗ್ತಿಲ್ಲ ಸರ್. ಗುಣ ಆಗೇ ಆಗತ್ತೆ ಅನ್ನೋಕೆ ಗಟ್ಟಿ ಪುರಾವೆನೂ ಇಲ್ಲ."

ರೇವಣ್ಣನವರು ಪೆನ್ನಿಗೆ ಮುಚ್ಚಳ ಹಾಕಿ ಎದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಎರಡು ವರ್ಷದ ಮೇಲೆ, ಅವರು ತೀರಿಕೊಂಡ ವಾರ. ಗೌರಮ್ಮ ಗಂಜಿ ಕುಡಿಸುತ್ತಿದ್ದರು. ರೇವಣ್ಣನವರ ನೋಟ ನಮ್ಮಿಬ್ಬರನ್ನೂ ದಾಟಿ ಗೋಡೆಗೆ ನೆಟ್ಟಿತ್ತು.

"ಅವತ್ತು ನೀವೊಂದು ಮಾತು ಹೇಳಿ ಸೈನ್ ಹಾಕ್ಸಿದ್ರೆ, ಇವತ್ತು ನನ್ ಹೆಸರಾದ್ರೂ ಕರೀತಿದ್ರೇನೋ, ಅಲ್ವಾ?" ಎಂದರು ಗೌರಮ್ಮ.

ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡು, ತಲೆ ತಗ್ಗಿಸಿ ಗಂಜಿಯನ್ನು ಊದಿ ಆರಿಸುತ್ತ ಕುಳಿತೆ.