ಎನ್‌ಒಸಿ ಇಲ್ಲದೆ ಬಂದ ಕತ್ತರಿ

ಕಳೆದ ಭಾನುವಾರ ಸಯನ್‌ನ ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಡಿಎನ್‌ಎಗೆ ಪೊಲೀಸ್ ವೆರಿಫಿಕೇಷನ್ ಕೇಳಲಾಯಿತು. (ಮಿನಿಟ್ಸ್ ಬರೆದವನು ನಾನೇ. ಒಂದಕ್ಷರ ಸೇರಿಸಿಲ್ಲ.)

ವಿಷಯ ಇಷ್ಟು. ಮೂರನೇ ಮಹಡಿಯ ಶಾಂತವ್ವನ ಅಣ್ಣ ಮಲ್ಲಪ್ಪ ವಿಜಯಪುರ ಕಡೆಯವರು. ವಡಾಲದಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ. ಕುತ್ತಿಗೆಯಲ್ಲಿ ಗಂಟು ಕಾಣಿಸಿತು; ಪರೀಕ್ಷೆ ಮಾಡಿಸಿದರೆ ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್. ಆರು ತಿಂಗಳು ಕೀಮೋ. ಆಸ್ಪತ್ರೆ ಹತ್ತಿರವೆಂದು ತಂಗಿಯ ಮನೆಗೆ ಬಂದರು. ನಮ್ಮಲ್ಲಿ ಅತಿಥಿಗಳು ಮೂವತ್ತು ದಿನ ಇರಬಹುದು. ಮೂವತ್ತೊಂದನೇ ದಿನ ಸೆಕ್ರೆಟರಿ ಶೆಟ್ಟರ ನೋಟಿಸು ಬಂತು.

ಶೆಟ್ಟರ ಪ್ರಶ್ನೆ ಒಂದೇ. ಕಾಯಿಲೆ ಒಳಗಿನದೋ, ಹೊರಗಿನಿಂದ ಬಂದದ್ದೋ? ಹೊರಗಿನದಾದರೆ ಅಂಟೀತು, ಎನ್‌ಒಸಿ, ಅಂದರೆ ಸೊಸೈಟಿಯ ಒಪ್ಪಿಗೆ ಪತ್ರ, ಇಲ್ಲ.

ಶಾಂತವ್ವನ ಜೊತೆ ಹೋಗಿ ಡಾಕ್ಟರ ಮಾತು ಕೇಳಿ ಬಂದಿದ್ದ ನಾನು ವರದಿ ಒಪ್ಪಿಸಿದೆ. ಅಂಟುವುದಿಲ್ಲ. ರೋಗ ತಡೆಯುವ ಕೋಶಗಳು ಬಗೆಬಗೆಯ ಸೋಂಕನ್ನು ಗುರುತಿಸಲು ತಮ್ಮ ಜೀನ್‌ಗಳನ್ನೇ ಕತ್ತರಿಯಂಥ ಒಂದು ಕಿಣ್ವದಿಂದ ಕತ್ತರಿಸಿ ಬೇರೆ ಬೇರೆ ರೀತಿ ಜೋಡಿಸಿಕೊಳ್ಳುತ್ತವೆ. ಒಮ್ಮೊಮ್ಮೆ ತುಂಡು ತಪ್ಪು ಜಾಗಕ್ಕೆ ಸೇರುತ್ತದೆ. ಕೆಲವು ಲಿಂಫೋಮಾ ಶುರುವಾಗುವುದೇ ಹೀಗೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. (ಅರ್ಧ ವರದಿ ಕೊಟ್ಟು ಅಭ್ಯಾಸವಿಲ್ಲ.) ಆ ಕತ್ತರಿಯ ಮೂಲ, ಜಾಗದಿಂದ ಜಾಗಕ್ಕೆ ಜಿಗಿಯುವ ಒಂದು ಡಿಎನ್‌ಎ ತುಣುಕು, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಜೀವಿಗಳೊಳಗೆ ಸೇರಿಕೊಂಡು ಅಲ್ಲೇ ಉಳಿಯಿತು ಎಂದುಬಿಟ್ಟೆ.

ಶೆಟ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಹೊರಗಿನದೇ ಆಯ್ತಲ್ಲ ಮಾರಾಯ್ರೆ. ಅದರ ಪೊಲೀಸ್ ವೆರಿಫಿಕೇಷನ್ ಉಂಟಾ?"

ಯಾರೂ ನಗಲಿಲ್ಲ. ಒಬ್ಬರು ಅದು ಓನರೋ ಟೆನೆಂಟೋ ಎಂದು ವಿಚಾರಿಸಿದರು. ಇನ್ನೊಬ್ಬರಿಗೆ ಅದು ಪಾರ್ಕಿಂಗ್ ಕೇಳೀತೇ ಎಂಬ ಚಿಂತೆ. ಆ ಕತ್ತರಿ ಎಲ್ಲರ ಮೈಯಲ್ಲೂ ಇದೆ, ಶೆಟ್ಟರ ಮೈಯಲ್ಲೂ ಇದೆ, ಇಲ್ಲದಿದ್ದರೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತಿತ್ತು ಎಂದೆ. ಶೆಟ್ಟರು ತಮ್ಮ ತೋಳನ್ನೊಮ್ಮೆ ನೋಡಿಕೊಂಡರು.

ಶಾಂತವ್ವ ಎದ್ದು ನಿಂತರು.

"ಶೆಟ್ರ, ಅದು ಕೋಟಿಗಟ್ಲೆ ವರ್ಷದಿಂದ ನಿಮ್ಮೊಳಗ ಕುಂತೈತಂತ. ಅದಕ್ಕ ನೋಟಿಸ್ ಕೊಟ್ಟಿಲ್ಲ. ನಮ್ಮಣ್ಣ ಆರು ತಿಂಗಳು ಇದ್ರ ನಿಮಗೇನ್ರೀ ತ್ರಾಸು?"

ಎನ್‌ಒಸಿ ಸಿಕ್ಕಿತು. ಷರತ್ತನ್ನು ಶೆಟ್ಟರೇ ಹೇಳಿ ಬರೆಸಿದರು: ಚಿಕಿತ್ಸೆ ಮುಗಿದ ಕೂಡಲೇ ಮಲ್ಲಪ್ಪ ಹೊರಡತಕ್ಕದ್ದು, ಕತ್ತರಿ ಇರಬಹುದು.