ಗಾಳೆಮ್ಮನಿಗೆ ಇವತ್ತಿನ ಪೇಪರ್

ಹೊಸಪೇಟೆಯಲ್ಲಿ ನಮ್ಮ ಓಣಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬೆಳಗಿನ ಆರಕ್ಕೆ. ಡ್ಯಾಂ ಪಕ್ಕದಲ್ಲಿದ್ದೂ ಇದು ನಮ್ಮ ಹಣೆಬರಹ. ಪೇಪರ್ ಹಾಕುವ ಉಚ್ಚೆಂಗಪ್ಪನೂ ಆರಕ್ಕೇ ಬರುತ್ತಿದ್ದ. ನಾವು ಬಾಗಿಲ ಮುಂದೆ ಡ್ರಮ್ಮಿನ ಮುಚ್ಚಳ ತೆಗೆದು ಪೈಪು ಹಿಡಿದು ನಿಂತಿದ್ದರೆ, ಆ ಪುಣ್ಯಾತ್ಮ ಗಾಡಿ ನಿಲ್ಲಿಸದೆ ಪೇಪರನ್ನು ಸುರುಳಿ ಸುತ್ತಿ ಎಸೆದು ಹೋಗುತ್ತಿದ್ದ. ಅದು ನೇರ ಡ್ರಮ್ಮಿನೊಳಗೆ. ಒಂದು ಗಳಿಗೆ ನಿಂತರೆ ಅವನ ಗಂಟೇನು ಹೋಗುತ್ತಿತ್ತೋ.

ಪೇಪರ್ ನನ್ನದಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಅದು ನಮ್ಮತ್ತೆ ಗಾಳೆಮ್ಮನದು. ಮೆಟ್ರಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಮೂವತ್ತು ವರ್ಷ ಕಾಲುವೆಯ ಹೂಳು ಎತ್ತಿ, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ ಹೆಂಗಸು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಎರ್ರೆಮ್ಮ ನಾಲ್ಕನೇ ಇಯತ್ತೆ ಓದಿದ್ದಳು. ಮಧ್ಯಾಹ್ನ ಮಿರ್ಚಿ ಬಜ್ಜಿ ತಿಂದಾದ ಮೇಲೆ ಅದನ್ನು ಕಟ್ಟಿಕೊಟ್ಟಿದ್ದ ಎಣ್ಣೆ ಪೇಪರನ್ನು ತೊಡೆಯ ಮೇಲೆ ಹರವಿಕೊಂಡು, ಇದೇನು, ಅದೇನು ಎಂದು ಆಕೆಯ ಪ್ರಾಣ ತಿಂದು ನಮ್ಮತ್ತೆ ಅಕ್ಷರ ಕಲಿತಳು. ಆದರೆ ಅದರಲ್ಲಿನ ಸುದ್ದಿ ಅರ್ಧಕ್ಕೆ ಹರಿದಿರುತ್ತಿತ್ತು, ಇಲ್ಲವೇ ಎರಡು ತಿಂಗಳು ಹಳತು. ನಾಳೆ ಮಳೆ ಎಂದು ಆಕೆ ಓದುವ ಹೊತ್ತಿಗೆ ಆ ಮಳೆ ಬಂದು ಹೋಗಿ ಹೊಲ ಒಣಗಿರುತ್ತಿತ್ತು. ಹಾಗಾಗಿ ಕೆಲಸ ಬಿಟ್ಟು ಮನೆಗೆ ಬಂದ ವಾರವೇ ಮಗನಿಗೆ ಹೇಳಿ ಮನೆಗೆ ಪೇಪರ್ ಹಾಕಿಸಿಕೊಂಡಳು. ಕಟ್ಟೆಯ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ಬೋರ್‌ವೆಲ್ ಜಾಹೀರಾತನ್ನೂ ಬಿಡದೆ ಗಟ್ಟಿಯಾಗಿ ಓದುವುದೇ ಆಕೆಯ ಬೆಳಗು.

ಅಂಥವಳ ಪೇಪರ್ ಡ್ರಮ್ಮಿಗೆ ಬೀಳಬೇಕೆ! ನೀರು ಬಾರದ ದಿನ ಚರಂಡಿಗೆ, ಇಲ್ಲವೇ ಮಾಳಿಗೆ ಮೇಲೆ. ಹಸಿ ಪೇಪರನ್ನು ಸೀರೆಗಳ ನಡುವೆ ಕ್ಲಿಪ್ ಹಾಕಿ ಒಣಗಿಸಿ, ಇಸ್ತ್ರಿ ಮಾಡಿ ಕೊಟ್ಟು ಕೊಟ್ಟು ನನಗೆ ಸಾಕಾಯಿತು. ಒಂದು ದಿನ ಆಕೆಯೇ ದಾರಿಗೆ ಅಡ್ಡ ನಿಂತು ಬೇರೆ ಪೇಪರ್ ಕೇಳಿದಳು. ಉಚ್ಚೆಂಗಪ್ಪ ಚೀಲದಿಂದ ಒಂದು ಎಳೆದು ಕೊಟ್ಟು ಹೋದ. ಆಕೆ ಎರಡು ಸಾಲು ಓದಿ ಮಡಚಿಟ್ಟಳು. ಮೂರು ದಿನದ ಹಿಂದಿನದು. ಆಮೇಲೂ ಕೇಳಿದಾಗಲೆಲ್ಲ ಹಳೆಯದೇ ಬಂತು. ನಾನು ಫೋನಿನಲ್ಲಿ ಕೂಗಾಡಿದೆ, ಅವನು ನಾಳೆ ನಾಳೆ ಎಂದ. ಅತ್ತೆ ಮಾತ್ರ ಪೆನ್ಸಿಲ್ ತೆಗೆದುಕೊಂಡು ಪ್ರತಿ ಪೇಪರಿನ ನೆತ್ತಿಯ ಮೇಲೆ ಏನೋ ಬರೆದು ಎತ್ತಿಡುತ್ತ ಬಂದಳು.

ತಿಂಗಳಾದ ಮೇಲೆ ಒಂದು ನಸುಕಿನಲ್ಲಿ ಆ ಕಟ್ಟು ಹೊತ್ತು ಹೊರಟಳು. ನಾನೂ ಹಿಂದೆ ಓಡಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ ಸಾಲಿನ ಮುಂದೆ ಉಚ್ಚೆಂಗಪ್ಪನೂ ಉಳಿದವರೂ ಪೇಪರ್ ಜೋಡಿಸುತ್ತಿದ್ದರು. ಏಜೆಂಟ್ ಮಲ್ಲಿಕಾರ್ಜುನ್ ಮುಂದೆ ಕಟ್ಟು ಇಳಿಸಿದಳು. ಆತ ಒಂದೊಂದೇ ತಿರುವಿ ಓದಿದ: ಡ್ರಮ್ಮಿನಾಗ. ಚರಂಡ್ಯಾಗ. ಮಾಳಿಗಿ ಮ್ಯಾಲ. ಮೂರು ದಿನದ ಹಳೇದು. ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಉಚ್ಚೆಂಗಪ್ಪನ ಮುಖ ಕೆಂಪಾಯಿತು.

"ಇದು ಸೊಸಿ ಬರದದ್ದು ಬಿಡ್ರಿ ಅಣ್ಣ," ಎಂದ. "ಹೆಬ್ಬೆಟ್ಟಿನ ಮುದುಕಿ. ಆಕಿಗೆ ನಿನ್ನಿದಾದ್ರೇನು, ಇವತ್ತಿಂದಾದ್ರೇನು?"

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ನನ್ನ ಕೈ ಅದುಮಿದಳು. ಹೊಸ ರಾಶಿಯಿಂದ ಒಂದು ಪೇಪರ್ ತೆಗೆದು, ಮೂಗಿನ ಮೇಲೆ ಚಾಳೀಸು ಏರಿಸಿ, ಬೆರಳಿಟ್ಟು ಓದತೊಡಗಿದಳು. ಮೊದಲು ವಾರ, ತಾರೀಖು. ಆಮೇಲೆ ಡ್ಯಾಮಿನ ನೀರಿನ ಮಟ್ಟ, ಒಳಹರಿವು, ಕಾಲುವೆಗೆ ಬಿಟ್ಟದ್ದೆಷ್ಟು. ಒಂದು ಕಡೆಯೂ ತಡವರಿಸಲಿಲ್ಲ. ಪೇಪರ್ ಜೋಡಿಸುವ ಕೈಗಳೆಲ್ಲ ನಿಂತವು.

"ಹಳೇ ಪೇಪರಿನಾಗ ಅಕ್ಷರ ಕಲ್ತೀನಪ," ಎಂದಳು ಉಚ್ಚೆಂಗಪ್ಪನಿಗೆ. "ಇವತ್ತಿಂದು ಓದಬೇಕಂತ ಕಲ್ತೀನಿ."

ಆ ಪೇಪರನ್ನು ಮಲ್ಲಿಕಾರ್ಜುನ್ ಎರಡೂ ಕೈಯಲ್ಲಿ ಮಡಚಿ ಕೊಟ್ಟ, ನಾಳೆಯಿಂದ ಕೈಗೇ ಬರುತ್ತದೆ ಎಂದ. ದಾರಿಯುದ್ದಕ್ಕೂ ಅತ್ತೆ ಅದನ್ನು ನನ್ನ ಕೈಗೆ ಕೊಡಲಿಲ್ಲ. ನನಗಂತೂ ಹೆಮ್ಮೆಯಿಂದ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ನೀರು ಬಿಡುವ ದಿನ. ಆರಕ್ಕೆ ಉಚ್ಚೆಂಗಪ್ಪ ಬಂದ, ನಮ್ಮ ಮನೆ ಮುಂದೆ ನಿಧಾನ ಮಾಡಿ, ಗಾಡಿ ಗುಡುಗುತ್ತಿದ್ದಂತೆಯೇ ಪೇಪರ್ ಚಾಚಿದ. ಅತ್ತೆ ಮುಟ್ಟಲಿಲ್ಲ.

"ಗಾಡಿ ಬಂದ್ ಮಾಡು."

ಬಂದ್ ಮಾಡಿದ. ಆಕೆ ಪೇಪರ್ ತೆಗೆದುಕೊಂಡು, ಚಾಳೀಸು ಹುಡುಕಿ, ಒರೆಸಿ, ಇಡೀ ಓಣಿಗೆ ಕೇಳುವಂತೆ ವಾರ, ತಾರೀಖು, ಇಸವಿ ಓದಿದಳು. ಡ್ರಮ್ಮುಗಳು ತುಂಬಿ ಹರಿಯುತ್ತಿದ್ದರೂ ಒಬ್ಬಳೂ ಪೈಪು ತೆಗೆಯಲಿಲ್ಲ.

"ಹ್ಞೂಂ, ಇವತ್ತಿಂದೇ ಐತಿ. ಹೋಗಿನ್ನ," ಎಂದಳು.

ಈಗ ದಿನಾ ಹೀಗೆಯೇ. ತಾರೀಖು ಓದಿ ಮುಗಿಯುವ ತನಕ ಉಚ್ಚೆಂಗಪ್ಪ ಕಿಕ್ಕರ್ ಮೇಲೆ ಕಾಲಿಡುವುದಿಲ್ಲ.